ಕಲ್ಲಿನ ಮರೆಯ ಕ್ಯಾನ್ಸರ್

ಯಕೃತ್ತಿನೊಳಗಿನ ಪಿತ್ತನಾಳಗಳಲ್ಲಿ ಕಲ್ಲು ಕಟ್ಟಿಕೊಳ್ಳುವ ಕಾಯಿಲೆಗೆ ವೈದ್ಯರು ಹೆಪಟೋಲಿಥಿಯಾಸಿಸ್ ಎನ್ನುತ್ತಾರೆ. ಊರೂರಲ್ಲಿ ಕೇಳಿಬರುವ ‘ಗಾಲ್‌ಬ್ಲ್ಯಾಡರ್ ಸ್ಟೋನ್’ ಬೇರೆ, ಇದು ಬೇರೆ. ಪಿತ್ತಕೋಶವೆಂಬುದು ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡ ಸಣ್ಣ ಚೀಲ. ಅದರಲ್ಲಿ ಕಲ್ಲಾಗಿ ಕಾಟ ಕೊಟ್ಟರೆ ಚೀಲವನ್ನೇ ತೆಗೆದುಹಾಕುತ್ತಾರೆ, ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯುತ್ತದೆ. ಯಕೃತ್ತಿನ ಒಳಗೆಲ್ಲ ಕವಲೊಡೆದು ಹರಡಿಕೊಂಡ ನಾಳಗಳನ್ನು ಹಾಗೆ ತೆಗೆದು ಹಾಕಲು ಬರುವುದಿಲ್ಲ. ಎಡ ಮತ್ತು ಬಲ ಹಾಲೆಗಳಿಂದ ಬರುವ ಎರಡು ದೊಡ್ಡ ನಾಳಗಳು ಒಂದಾಗುವ ಜಾಗಕ್ಕಿಂತ ಮೇಲಕ್ಕೆ ಎಲ್ಲಿ ಕಲ್ಲು ಕಂಡರೂ ಅದು ಈ ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ವರ್ಷಗಟ್ಟಲೆ ಕೂತ ಕಲ್ಲು ಸೋಂಕನ್ನು ಮತ್ತೆ ಮತ್ತೆ ಕರೆಯುತ್ತದೆ, ನಾಳದ ಗೋಡೆಯನ್ನು ಕೆರಳಿಸುತ್ತಲೇ ಇರುತ್ತದೆ. ಕೆಲವರಲ್ಲಿ ಇದು ಪಿತ್ತನಾಳದ ಕ್ಯಾನ್ಸರಿಗೆ ತಿರುಗುತ್ತದೆ. ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ಪ್ರಕಟಿಸಿರುವ ವರದಿಗಳಲ್ಲಿ ಇಂಥವರ ಪ್ರಮಾಣ ನೂರಕ್ಕೆ 2ರಿಂದ 13ರವರೆಗೆ ಇದೆ.

ಕ್ಯಾನ್ಸರ್ ಬರುತ್ತದೆ ಎಂಬುದಕ್ಕಿಂತ ಬಂದದ್ದು ಗೊತ್ತಾಗುವುದಿಲ್ಲ ಎಂಬುದೇ ಇಲ್ಲಿ ದೊಡ್ಡ ತೊಡಕು. ಹೊಟ್ಟೆನೋವು, ಚಳಿಜ್ವರ, ಕಾಮಾಲೆ ಕಲ್ಲಿನಿಂದಲೂ ಬರುತ್ತವೆ, ಗಡ್ಡೆಯಿಂದಲೂ ಬರುತ್ತವೆ. ರೋಗಿಯ ಬಳಿ ಹಳೆಯ ಫೈಲು ಇರುತ್ತದೆ, ಅದರ ಮೇಲೆ ಕಲ್ಲಿನ ಹೆಸರು ಆಗಲೇ ಬರೆದಾಗಿರುತ್ತದೆ. ಹೊಸದಾಗಿ ನೋವು ಬಂದಾಗ ಹಳೆಯ ಕಾರಣವೇ ಸಾಕೆನಿಸಿಬಿಡುತ್ತದೆ. ಸ್ಕ್ಯಾನಿಂಗ್ ಮಾಡಿಸಿದರೆ ಕಲ್ಲು ಎದ್ದು ಕಾಣುತ್ತದೆ; ಅದರ ಹಿಂದೆ ಗೋಡೆಯಲ್ಲಿ ದಪ್ಪಗಾಗುತ್ತಿರುವ ಒಂದಿಷ್ಟು ಜಾಗ ಕಾಣುವುದಿಲ್ಲ. ಹೀಗೆ ಎಷ್ಟೋ ಪ್ರಕರಣಗಳಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯುವುದು ಕಲ್ಲು ತೆಗೆಯಲೆಂದು ಹೊಟ್ಟೆ ತೆರೆದ ಮೇಲೆ, ಇಲ್ಲವೇ ಕತ್ತರಿಸಿ ತೆಗೆದ ಯಕೃತ್ತಿನ ತುಂಡು ಪೆಥಾಲಜಿ ವಿಭಾಗಕ್ಕೆ ಹೋಗಿ ವರದಿ ಬಂದ ಮೇಲೆ. ಶಸ್ತ್ರವೈದ್ಯರು ಅಡಗಿದ ಕ್ಯಾನ್ಸರ್ ಎನ್ನುವುದು ಇದಕ್ಕೇ.

ಪೂರ್ವ ಏಷ್ಯಾದಲ್ಲಿ

ಈ ಕಾಯಿಲೆಯ ನೆಲೆ ಪೂರ್ವ ಮತ್ತು ಆಗ್ನೇಯ ಏಷ್ಯಾ. ಹಾಂಗ್‌ಕಾಂಗ್‌ನಲ್ಲಿ ಶಸ್ತ್ರವೈದ್ಯರಾಗಿದ್ದ ಕೆನೆಲ್ಮ್ ಡಿಗ್ಬಿ 1930ರಲ್ಲಿ ಇದನ್ನು ಮೊದಲ ಬಾರಿಗೆ ವೈದ್ಯಕೀಯ ಸಾಹಿತ್ಯದಲ್ಲಿ ವಿವರಿಸಿದರು. 1954ರಲ್ಲಿ ಅದೇ ನಗರದ ವೈದ್ಯರ ತಂಡವೊಂದು ಮರುಕಳಿಸುವ, ಕೀವು ತುಂಬುವ ಪಿತ್ತನಾಳದ ಉರಿಯೂತವೆಂದು ಅದರ ಪೂರ್ತಿ ಚಿತ್ರ ಕಟ್ಟಿಕೊಟ್ಟಿತು. ಹಳೆಯ ಪಠ್ಯಪುಸ್ತಕಗಳು ಇದನ್ನು ‘ಹಾಂಗ್‌ಕಾಂಗ್ ಕಾಯಿಲೆ’ ಎಂದೇ ಕರೆದದ್ದುಂಟು. ತೈವಾನಿನಲ್ಲಿ ಒಂದು ಕಾಲಕ್ಕೆ ಪಿತ್ತದ ಕಲ್ಲಿಗಾಗಿ ಆಸ್ಪತ್ರೆಗೆ ಬಂದವರ ಪೈಕಿ ನೂರಕ್ಕೆ ಹೆಚ್ಚುಕಡಿಮೆ 20 ಮಂದಿಯ ಕಲ್ಲು ಯಕೃತ್ತಿನ ಒಳಗಿರುತ್ತಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಅದೇ ಪ್ರಮಾಣ ನೂರಕ್ಕೆ ಒಂದರ ಆಸುಪಾಸು. ಚೀನಾದ ನೈಋತ್ಯ ಭಾಗ, ಅದರಲ್ಲೂ ಸಿಚುವಾನ್, ಕೊರಿಯಾ, ವಿಯೆಟ್ನಾಂಗಳಲ್ಲಿ ಇಂದಿಗೂ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಪಟ್ಟಿಯಲ್ಲಿ ಇದು ಮಾಮೂಲಿ. ಜಪಾನಿನಲ್ಲಿ ಮಾತ್ರ ಯುದ್ಧಾನಂತರದ ದಶಕಗಳಲ್ಲಿ ಊಟ ಸುಧಾರಿಸಿತು, ಕುಡಿಯುವ ನೀರು ಶುದ್ಧವಾಯಿತು, ಹೊಟ್ಟೆಹುಳುವಿನ ಹಾವಳಿ ತಗ್ಗಿತು. ಅದರ ಜೊತೆಯಲ್ಲೇ ಈ ಕಲ್ಲೂ ಅಪರೂಪವಾಗುತ್ತ ಹೋಯಿತು. ಬಡತನಕ್ಕೂ ಈ ಕಾಯಿಲೆಗೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪುರಾವೆ ಬೇಕಿಲ್ಲ.

ಭಾರತದಲ್ಲಿ ಇದರ ಮುಖ್ಯ ನೆಲೆ ಕಾಶ್ಮೀರ. ಅಲ್ಲಿ ಜಂತುಹುಳು ಕರುಳಿನಿಂದ ಮೇಲೆ ತೆವಳಿ ಪಿತ್ತನಾಳದ ಬಾಯಿ ಹೊಗುವುದು ವೈದ್ಯರಿಗೆ ಚಿರಪರಿಚಿತ. ಶ್ರೀನಗರದ ಮೊಹಮ್ಮದ್ ಸುಲ್ತಾನ್ ಖುರೂ ಮತ್ತು ಸಂಗಡಿಗರು ಇಂಥ 500 ರೋಗಿಗಳ ಅಧ್ಯಯನವನ್ನು 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ನಾಳದೊಳಗೆ ಸತ್ತ ಹುಳುವಿನ ಚೂರು, ಅದರ ಮೊಟ್ಟೆ ಕಲ್ಲಿಗೆ ತಿರುಳಾಗುತ್ತವೆ. ಈಶಾನ್ಯ ರಾಜ್ಯಗಳಿಂದಲೂ ಪ್ರಕರಣಗಳು ವರದಿಯಾಗುತ್ತವೆ. ಕರ್ನಾಟಕದಲ್ಲಿ ಪಿತ್ತದ ಕಲ್ಲೆಂದರೆ ಬಹುಪಾಲು ಪಿತ್ತಕೋಶದ್ದೇ. ಇಲ್ಲಿ ಯಕೃತ್ತಿನೊಳಗೆ ಕಲ್ಲು ಕಂಡಾಗ ಹಿಂದೊಂದು ಕಾರಣ ಇದೆಯೇ ಎಂದು ಹುಡುಕುವುದು ರೂಢಿ. ಹುಟ್ಟಿನಿಂದಲೇ ಪಿತ್ತನಾಳ ಚೀಲದಂತೆ ಊದಿಕೊಂಡಿರಬಹುದು. ಪಿತ್ತಕೋಶ ತೆಗೆಯುವಾಗ ನಾಳಕ್ಕೆ ಪೆಟ್ಟಾಗಿರಬಹುದು. ಅದನ್ನು ಸರಿಪಡಿಸಲು ಸಣ್ಣ ಕರುಳಿಗೆ ಹಾಕಿದ ಜೋಡಣೆ ಕಾಲಕ್ರಮದಲ್ಲಿ ಬಿಗಿದುಕೊಂಡಿರಬಹುದು. ಕಾರಣ ಯಾವುದೇ ಇರಲಿ, ಕಲ್ಲು ಒಳಗೆ ಉಳಿದಷ್ಟು ಕಾಲವೂ ಅಪಾಯ ಒಂದೇ ಜಾತಿಯದು.

ಕಲ್ಲು ಕಟ್ಟುವ ಬಗೆ

ಯಕೃತ್ತು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಪಿತ್ತರಸ ಸುರಿಸುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಳಿಯುವ ಹಳದಿ ಬಣ್ಣದ ಬಿಲಿರುಬಿನ್, ನೀರಿನಲ್ಲಿ ಕರಗುವ ರೂಪಕ್ಕೆ ಬದಲಾಗಿ ಈ ರಸದ ಜೊತೆ ಹರಿದುಹೋಗುತ್ತದೆ. ಇ. ಕೋಲಿಯಂಥ ಕರುಳಿನ ಬ್ಯಾಕ್ಟೀರಿಯಾ ನಾಳದೊಳಕ್ಕೆ ಬಂದರೆ ಅವು ಬಿಡುವ ಬೀಟಾ ಗ್ಲುಕುರೊನಿಡೇಸ್ ಎಂಬ ಕಿಣ್ವ ಆ ಕರಗುವ ರೂಪವನ್ನು ಒಡೆದುಬಿಡುತ್ತದೆ. ಬಿಡಿಯಾದ ಬಿಲಿರುಬಿನ್ ನೀರಿನಲ್ಲಿ ನಿಲ್ಲುವುದಿಲ್ಲ, ಕ್ಯಾಲ್ಸಿಯಂ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಜಪಾನಿನ ತೆತ್ಸುವೊ ಮಾಕಿ 1966ರಲ್ಲಿ ಮುಂದಿಟ್ಟ ವಿವರಣೆ ಇದು. ಆರೋಗ್ಯವಂತರ ಪಿತ್ತರಸದಲ್ಲಿ ಆ ಕಿಣ್ವವನ್ನು ತಡೆಯುವ ಒಂದು ವಸ್ತು ಇರುತ್ತದೆ, ಪ್ರೋಟೀನ್ ಸಾಲದ ಊಟ ಉಣ್ಣುವವರಲ್ಲಿ ಅದು ಕಡಿಮೆಯಾಗುತ್ತದೆ ಎಂದೂ ಆ ಸಂಶೋಧಕರು ವಾದಿಸಿದರು. ಜಪಾನಿನ ಊಟ ಬದಲಾದಾಗ ಕಲ್ಲು ಏಕೆ ಕಡಿಮೆಯಾಯಿತು ಎಂಬುದಕ್ಕೆ ಇದರಲ್ಲಿ ಒಂದು ಉತ್ತರ ಸಿಗುತ್ತದೆ.

ಹೀಗೆ ಹುಟ್ಟಿದ ಕಲ್ಲು ಪಿತ್ತಕೋಶದ ಕೊಲೆಸ್ಟರಾಲ್ ಕಲ್ಲಿನಷ್ಟು ಗಟ್ಟಿಯಲ್ಲ. ಕಂದುಬಣ್ಣ, ಹಗುರ, ಬೆರಳಲ್ಲಿ ಒತ್ತಿದರೆ ಒದ್ದೆ ಮಣ್ಣಿನ ಹೆಂಟೆಯಂತೆ ಪುಡಿಯಾಗುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ಪದರ ಪದರವಾಗಿ ಬೆಳೆದಿರುವುದು ಕಾಣುತ್ತದೆ. ನಾಳದ ಆಕಾರಕ್ಕೇ ಒಗ್ಗಿಕೊಂಡು ಕವಲುಗಳೊಳಗೆ ಒತ್ತಿ ತುಂಬಿಕೊಂಡಿರುತ್ತದೆ. ಕೆಲವರಲ್ಲಿ ಗಟ್ಟಿ ಕಲ್ಲಿಗಿಂತ ಕೆಸರೇ ಹೆಚ್ಚು. ಎಡ ಹಾಲೆಯ ನಾಳ ಉದ್ದವಾಗಿ, ಅಡ್ಡಡ್ಡ ಸಾಗಿ, ಇಕ್ಕಟ್ಟಾದ ಕೋನದಲ್ಲಿ ಮುಖ್ಯನಾಳವನ್ನು ಸೇರುವುದರಿಂದ ಅಲ್ಲಿ ರಸ ನಿಲ್ಲುವುದು ಹೆಚ್ಚು, ಕಲ್ಲು ಕಟ್ಟುವುದೂ ಹೆಚ್ಚು. ಕಲ್ಲಿನ ಆಚೆಗೆ ನಾಳ ಹಿಗ್ಗುತ್ತದೆ. ಸೋಂಕಿನಿಂದ ಗಾಯವಾಗಿ ಮಾಯ್ದ ಜಾಗ ಬಿಗಿದುಕೊಂಡು ಕಿರಿದಾಗುತ್ತದೆ. ಅಲ್ಲಿ ಮತ್ತೆ ರಸ ನಿಂತು ಮತ್ತೆ ಕಲ್ಲಾಗುತ್ತದೆ. ಹತ್ತಿಪ್ಪತ್ತು ವರ್ಷ ಹೀಗೇ ನಡೆದರೆ ಆ ಭಾಗದ ಯಕೃತ್ತು ಸೊರಗಿ ಸುಕ್ಕಾಗುತ್ತದೆ, ಉಳಿದ ಭಾಗ ಅದರ ಕೆಲಸವನ್ನೂ ಹೊತ್ತು ದಪ್ಪಗಾಗುತ್ತದೆ.

ಉರಿಯೂತದಿಂದ ಕ್ಯಾನ್ಸರಿಗೆ

ಯಕೃತ್ತಿನ ಕಲ್ಲಿನ ಜೊತೆಗೆ ಪಿತ್ತನಾಳದ ಕ್ಯಾನ್ಸರ್ ಇದ್ದದ್ದನ್ನು 1942ರಲ್ಲೇ ಅಮೆರಿಕದ ಸೇನ್ಸ್ ಮತ್ತು ಮೆಕ್‌ಕ್ಯಾಲಂ ಎಂಬ ವೈದ್ಯರು ವರದಿ ಮಾಡಿದ್ದರು. ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಎನ್ನಲಾಗದು. ಆ ಕೊಂಡಿ ಸಿಕ್ಕಿದ್ದು ಮುಂದೆ, ಸೂಕ್ಷ್ಮದರ್ಶಕದ ಕೆಳಗೆ. ಕಲ್ಲಿರುವ ನಾಳದ ಒಳಪದರದ ಜೀವಕೋಶಗಳು ಸಾಲಾಗಿ, ಶಿಸ್ತಾಗಿ ನಿಂತಿರುವ ಬದಲು ಒಂದರ ಮೇಲೊಂದು ಒತ್ತರಿಸಿಕೊಂಡಿರುತ್ತವೆ, ಅವುಗಳ ಕೋಶಕೇಂದ್ರ ದೊಡ್ಡದಾಗಿ ಕಪ್ಪಗಾಗಿರುತ್ತದೆ. ಆದರೂ ಅವು ಇನ್ನೂ ಗೋಡೆಯನ್ನು ಭೇದಿಸಿ ಹೊರಗೆ ಹೋಗಿರುವುದಿಲ್ಲ. ಕ್ಯಾನ್ಸರಿನ ಹಿಂದಿನ ಈ ಮೆಟ್ಟಿಲಿಗೆ ಬಿಲಿನ್ ಎಂಬ ಸಂಕ್ಷಿಪ್ತ ಹೆಸರಿದೆ. ಜಪಾನಿನ ಕನಜವಾದಲ್ಲಿ ಯಸೂನಿ ನಾಕಾನುಮಾ ಮತ್ತು ಅವರ ಶಿಷ್ಯರು ಈ ಹಂತಗಳನ್ನು ವಿಂಗಡಿಸುವಲ್ಲಿ ಬಹಳ ಕೆಲಸ ಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2010ರ ವರ್ಗೀಕರಣದಲ್ಲಿ ಇದಕ್ಕೆ ಮೂರು ದರ್ಜೆ ಕೊಟ್ಟಿತ್ತು, 2019ರಲ್ಲಿ ಅವನ್ನು ಕೆಳದರ್ಜೆ, ಮೇಲ್ದರ್ಜೆ ಎಂದು ಎರಡಕ್ಕೆ ಇಳಿಸಿತು. ಒಂದೇ ರೋಗಿಯ ಒಂದೇ ತುಂಡಿನಲ್ಲಿ ಬರೀ ಉರಿಯೂತ, ಕೆಳದರ್ಜೆ, ಮೇಲ್ದರ್ಜೆ, ಪೂರ್ಣ ಕ್ಯಾನ್ಸರ್ ಎಲ್ಲವೂ ಅಕ್ಕಪಕ್ಕದಲ್ಲಿ ಸಿಗುವುದುಂಟು.

ಇದು ದಿನ ಕಳೆಯುವುದರೊಳಗೆ ಆಗುವ ಮಾರ್ಪಾಡಲ್ಲ. ಉರಿಯೂತ ಇದ್ದಲ್ಲಿ ಜೀವಕೋಶ ಸಾಯುತ್ತದೆ, ಸತ್ತದ್ದರ ಜಾಗಕ್ಕೆ ಹೊಸದು ಹುಟ್ಟುತ್ತದೆ. ಹುಟ್ಟುವಾಗೆಲ್ಲ ಡಿಎನ್‌ಎ ನಕಲಿನಲ್ಲಿ ತಪ್ಪಾಗುವ ಸಂಭವ ಇದ್ದೇ ಇರುತ್ತದೆ. ಉರಿಯೂತ ಬಿಡುಗಡೆ ಮಾಡುವ ಇಂಟರ್‌ಲ್ಯೂಕಿನ್-6ನಂಥ ಸಂಕೇತಗಳು ಕೋಶಗಳನ್ನು ಬೆಳೆಯುವಂತೆ ತಿವಿಯುತ್ತವೆ, ನೈಟ್ರಿಕ್ ಆಕ್ಸೈಡ್ ಡಿಎನ್‌ಎಯನ್ನು ನೇರವಾಗಿ ಕೆಡಿಸುತ್ತದೆ. ಕೆರಾಸ್, ಪಿ53ಯಂಥ ಜೀನುಗಳಲ್ಲಿ ಬದಲಾವಣೆ ಸೇರುತ್ತ ಹೋಗುತ್ತದೆ. ಪೂರ್ವ ಏಷ್ಯಾದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ: ಕ್ಲೋನಾರ್ಕಿಸ್ ಎಂಬ ಎಲೆಯಾಕಾರದ ಹುಳು. ಸಿಹಿನೀರಿನ ಮೀನನ್ನು ಹಸಿಯಾಗಿ, ಅರೆಬೆಂದಂತೆ ತಿನ್ನುವವರ ಪಿತ್ತನಾಳ ಸೇರಿ ಅದು ವರ್ಷಗಟ್ಟಲೆ ಬದುಕುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಕಾರಣಗಳ ಪಟ್ಟಿಗೆ ಸೇರಿಸಿದೆ. ಚೆನ್ನಾಗಿ ಬೇಯಿಸಿದ ಮೀನಿನ ಸಾರಿಗೆ ಈ ಭಯವಿಲ್ಲ.

ಕ್ಯಾನ್ಸರ್ ಸಾಮಾನ್ಯವಾಗಿ ಬೆಳೆಯುವುದು ಕಲ್ಲಿರುವ ಹಾಲೆಯಲ್ಲೇ, ಅದರಲ್ಲೂ ಸೊರಗಿದ ಭಾಗದಲ್ಲಿ. ಬೆಳೆಯುವ ರೀತಿ ಮೂರು. ಒಂದು, ಗಡ್ಡೆಯಾಗಿ ಯಕೃತ್ತಿನೊಳಕ್ಕೆ ಚಾಚುವುದು. ಇದು ಸ್ಕ್ಯಾನಿನಲ್ಲಿ ಹೇಗೋ ಕಣ್ಣಿಗೆ ಬೀಳುತ್ತದೆ. ಎರಡನೆಯದು ನಾಳದೊಳಗೇ ಎಳೆ ಎಳೆಯಾಗಿ ಬೆಳೆಯುವುದು. ಇದು ಕಲ್ಲಿನ ಜೊತೆ ಬೆರೆತು ಹೋಗುತ್ತದೆಯಾದರೂ ಬೇಗ ಸಿಕ್ಕರೆ ಫಲಿತಾಂಶ ಉಳಿದೆರಡಕ್ಕಿಂತ ವಾಸಿ. ಮೂರನೆಯದು ಗಡ್ಡೆಯನ್ನೇ ಕಟ್ಟದೆ ನಾಳದ ಗೋಡೆಯುದ್ದಕ್ಕೂ ಹರಡುವಂಥದು, ಅಡಗುವುದರಲ್ಲಿ ಎಲ್ಲಕ್ಕಿಂತ ಮುಂದು. ಕಲ್ಲಿನಿಂದಾದ ಹಳೆಯ ಗಾಯದ ಬಿಗಿತಕ್ಕೂ ಇದಕ್ಕೂ ಹೊರನೋಟಕ್ಕೆ ವ್ಯತ್ಯಾಸವೇ ಕಾಣದು.

ಅನುಮಾನ ಹುಟ್ಟಬೇಕಾದ ಜಾಗ

ನೋವು, ಚಳಿಜ್ವರ, ಕಾಮಾಲೆ ಮೂರೂ ಒಟ್ಟಿಗೆ ಬಂದರೆ ಪಿತ್ತನಾಳದ ಸೋಂಕೆಂದು ಗುರುತಿಸುವ ಪದ್ಧತಿಯನ್ನು ಫ್ರಾನ್ಸಿನ ಶಾರ್ಕೋ 1877ರಲ್ಲೇ ಹಾಕಿಕೊಟ್ಟಿದ್ದ. ಯಕೃತ್ತಿನ ಕಲ್ಲಿರುವವರಿಗೆ ಈ ಮೂರೂ ಪರಿಚಿತ ನೆಂಟರು. ಬಂದಾಗ ಆ್ಯಂಟಿಬಯೋಟಿಕ್ ಕೊಟ್ಟು, ಕಟ್ಟಿಕೊಂಡ ರಸವನ್ನು ಹೊರಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಹಬಂದಿಗೆ ಬರುವುದು ರೂಢಿ. ಲಕ್ಷಣ ಯಾವುದು ಎಂಬುದಕ್ಕಿಂತ ಆ ಲಕ್ಷಣ ತನ್ನ ಹಳೆಯ ನಡೆಯನ್ನು ಬಿಟ್ಟಿದೆಯೇ ಎಂಬುದನ್ನು ನೋಡಬೇಕು. ಬಂದುಹೋಗುತ್ತಿದ್ದ ನೋವು ಈಗ ಬಿಡದೆ ಕಾಡುತ್ತಿದೆಯೇ? ರಸ ಬಸಿದ ಮೇಲೂ ಜ್ವರ ಇಳಿಯುತ್ತಿಲ್ಲವೇ? ಕಾಮಾಲೆ ಏರಿಳಿಯುವುದನ್ನು ಬಿಟ್ಟು ಏರುತ್ತಲೇ ಇದೆಯೇ? ಊಟ ಸೇರದೆ, ಕಾರಣವಿಲ್ಲದೆ ತೂಕ ಇಳಿದಿದೆಯೇ? 50 ದಾಟಿದವರಲ್ಲಿ, ಹತ್ತಾರು ವರ್ಷಗಳಿಂದ ಕಲ್ಲು ಇರುವವರಲ್ಲಿ, ಹಿಂದೆ ನಾಳವನ್ನು ಕರುಳಿಗೆ ಜೋಡಿಸಿಕೊಂಡವರಲ್ಲಿ ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಕಲ್ಲನ್ನು ಪಕ್ಕಕ್ಕಿಟ್ಟು ಯೋಚಿಸಬೇಕಾಗುತ್ತದೆ. ಯಂತ್ರಗಳು ಇಷ್ಟು ಬೆಳೆದ ಮೇಲೂ ಈ ವಿಚಾರಣೆಯೇ ಮೊದಲ ಪರೀಕ್ಷೆ. ಅವಸರದ ಹೊರರೋಗಿ ವಿಭಾಗದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ರಕ್ತಪರೀಕ್ಷೆಯಲ್ಲಿ ಹೆಸರು ಕೇಳಿಬರುವುದು ಸಿಎ 19-9. ಲ್ಯಾಬಿನ ಚೀಟಿಯಲ್ಲಿ 37 ಯುನಿಟ್‌ವರೆಗೆ ಸಹಜ ಎಂದು ಅಚ್ಚಾಗಿರುತ್ತದೆ. ಅದಕ್ಕಿಂತ ಮೇಲೆ ಕಂಡೊಡನೆ ಮನೆಮಂದಿಗೆಲ್ಲ ಎದೆ ಧಸಕ್ಕೆನ್ನುತ್ತದೆ. ಪಿತ್ತ ಕಟ್ಟಿಕೊಂಡಾಗಲೂ ನಾಳದಲ್ಲಿ ಸೋಂಕಾದಾಗಲೂ ಈ ಅಂಕಿ ನೂರಾರಕ್ಕೆ, ಕೆಲವೊಮ್ಮೆ ಸಾವಿರಕ್ಕೂ ಜಿಗಿಯುತ್ತದೆ, ಕ್ಯಾನ್ಸರ್ ಇಲ್ಲದಿದ್ದರೂ. ಇದಕ್ಕೆ ತಿರುಗುಮುರುಗಾಗಿ, ನೂರಕ್ಕೆ ಐದರಿಂದ ಹತ್ತು ಮಂದಿಯ ದೇಹ ಆನುವಂಶಿಕ ಕಾರಣದಿಂದ ಈ ವಸ್ತುವನ್ನು ತಯಾರಿಸುವುದೇ ಇಲ್ಲ. ಅಂಥವರಲ್ಲಿ ಕ್ಯಾನ್ಸರ್ ಎಷ್ಟೇ ಬೆಳೆದರೂ ಚೀಟಿ ಸಹಜ ಎಂದೇ ಹೇಳುತ್ತದೆ. ಆದ್ದರಿಂದ ಸೋಂಕಿನ ನಡುವೆ ತೆಗೆದ ಒಂದೇ ಒಂದು ಅಂಕಿಗೆ ಹೆಚ್ಚು ಬೆಲೆ ಕೊಡಲಾಗದು. ರಸ ಬಸಿದು, ಜ್ವರ ಇಳಿದು, ಬಿಲಿರುಬಿನ್ ಸಹಜಕ್ಕೆ ಬಂದ ಮೇಲೆ ಮತ್ತೆ ನೋಡಬೇಕು. ಆಗಲೂ ಇಳಿಯದೆ ನಿಂತ ಅಂಕಿ, ಅಥವಾ ತಿಂಗಳು ತಿಂಗಳಿಗೆ ಮೆಟ್ಟಿಲು ಹತ್ತುತ್ತಿರುವ ಅಂಕಿ ಮಾತ್ರ ಗಂಭೀರ. ಜೊತೆಗೆ ಸಿಇಎ ಎಂಬ ಇನ್ನೊಂದು ಗುರುತನ್ನೂ ನೋಡುವುದುಂಟು. ಎರಡೂ ಏರಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಎರಡೂ ಸಹಜವಾಗಿದ್ದರೆ ಕ್ಯಾನ್ಸರ್ ಇಲ್ಲವೆಂದು ಬರೆದುಕೊಡಲು ಯಾರಿಗೂ ಸಾಧ್ಯವಿಲ್ಲ.

ಚಿತ್ರಗಳಲ್ಲಿ ಹುಡುಕಾಟ

ಮೊದಲ ಚಿತ್ರ ಅಲ್ಟ್ರಾಸೌಂಡಿನದು. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ವಿಕಿರಣದ ತಾಪತ್ರಯವಿಲ್ಲ. ಹಿಗ್ಗಿದ ನಾಳ, ಬೆಳ್ಳಗೆ ಹೊಳೆಯುವ ಕಲ್ಲು, ಅದರ ಹಿಂದೆ ಕಪ್ಪು ನೆರಳು ಕಾಣುತ್ತವೆ. ಆ ನೆರಳಿನಲ್ಲೇ ಗಡ್ಡೆ ಕೂತಿರಬಹುದು. ಹಿಂದೆ ನಾಳ ಮತ್ತು ಕರುಳಿನ ಜೋಡಣೆ ಆಗಿದ್ದವರ ನಾಳದಲ್ಲಿ ಗಾಳಿ ಸೇರಿಕೊಂಡು ಅದೂ ಬೆಳ್ಳಗೆ ಹೊಳೆಯುತ್ತದೆ. ಹೀಗಾಗಿ ಅಲ್ಟ್ರಾಸೌಂಡ್ ಕಲ್ಲು ಹುಡುಕುವುದಕ್ಕೆ ಸರಿ, ಕ್ಯಾನ್ಸರ್ ತಳ್ಳಿಹಾಕುವುದಕ್ಕೆ ಸಾಲದು.

ಸಿಟಿ ಸ್ಕ್ಯಾನಿನಲ್ಲಿ ಒಂದು ಚಿಕ್ಕ ವಿವರಕ್ಕೆ ಬಹಳ ಮಹತ್ವವಿದೆ. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ಔಷಧಿ ಚುಚ್ಚುವ ಮೊದಲು ಒಂದು ಸುತ್ತು, ಚುಚ್ಚಿದ ಮೇಲೆ ಬೇರೆ ಬೇರೆ ಹೊತ್ತಿಗೆ ಇನ್ನಷ್ಟು ಸುತ್ತು ಚಿತ್ರ ತೆಗೆಯಬೇಕು. ಕ್ಯಾಲ್ಸಿಯಂ ಇರುವ ಕಲ್ಲು ಔಷಧಿ ಇಲ್ಲದ ಸುತ್ತಿನಲ್ಲೇ ಬೆಳ್ಳಗಿರುತ್ತದೆ. ಔಷಧಿ ಹೀರಿಕೊಂಡು ಬೆಳ್ಳಗಾಗುವುದು ಜೀವಂತ ಅಂಗಾಂಶ. ಮೊದಲ ಸುತ್ತನ್ನು ಬಿಟ್ಟು ಎರಡನೆಯದನ್ನೇ ನೋಡಿದರೆ ಯಾವುದು ಕಲ್ಲು, ಯಾವುದು ಗಡ್ಡೆ ಎಂಬುದು ಗೊಂದಲವಾಗುತ್ತದೆ. ಕೆಲವು ಕಲ್ಲುಗಳು ಯಕೃತ್ತಿನಷ್ಟೇ ಸಾಂದ್ರವಾಗಿದ್ದು ಸಿಟಿಯಲ್ಲಿ ಕಾಣದೆಯೂ ಹೋಗಬಹುದು. ರೇಡಿಯಾಲಜಿಸ್ಟ್ ಹುಡುಕುವ ಸುಳಿವುಗಳು ಹೀಗಿರುತ್ತವೆ: ನಾಳದ ಗೋಡೆ ಒಂದೇ ಕಡೆ, ಅಂಕುಡೊಂಕಾಗಿ ದಪ್ಪಗಾಗಿರುವುದು, ನಾಳದ ಸುತ್ತ ಮೆದು ಅಂಗಾಂಶದ ಒಂದು ತೋಳು ಹಬ್ಬಿರುವುದು, ಆ ಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳದ ಕವಲು ಮುಚ್ಚಿಹೋಗಿರುವುದು, ಆಸುಪಾಸಿನ ದುಗ್ಧಗ್ರಂಥಿಗಳು ಊದಿರುವುದು. ಔಷಧಿ ತಡವಾಗಿ ತುಂಬಿಕೊಂಡು, ತಡವಾಗಿಯೇ ಉಳಿಯುವ ಜಾಗವೂ ಅನುಮಾನಾಸ್ಪದ, ಏಕೆಂದರೆ ಈ ಕ್ಯಾನ್ಸರಿನಲ್ಲಿ ನಾರಿನಂಥ ಅಂಗಾಂಶ ಹೆಚ್ಚು. ಎಲ್ಲಕ್ಕಿಂತ ಎಚ್ಚರಿಸಬೇಕಾದದ್ದು ಕಲ್ಲೇ ಇಲ್ಲದ ಬಿಗಿತ. ನಾಳ ಹಿಗ್ಗಿದೆ, ಹಿಗ್ಗಿದ ಭಾಗ ಮುಗಿಯುವಲ್ಲಿ ಥಟ್ಟನೆ ಕಿರಿದಾಗಿದೆ, ಆದರೆ ಅಲ್ಲಿ ಅಡ್ಡಬಿದ್ದ ಕಲ್ಲು ಕಾಣುತ್ತಿಲ್ಲ ಎಂದರೆ ಅಡ್ಡಬಿದ್ದಿರುವುದು ಇನ್ನೇನೋ ಇದೆ.

ಎಂಆರ್‌ಐ ಯಂತ್ರದಲ್ಲೇ ಮಾಡುವ ಎಂಆರ್‌ಸಿಪಿ, ಏನನ್ನೂ ಚುಚ್ಚದೆ ಒಳಗೆ ಕೊಳವೆ ತೂರಿಸದೆ ಇಡೀ ಪಿತ್ತನಾಳದ ನಕ್ಷೆಯನ್ನು ಬಿಡಿಸಿಕೊಡುತ್ತದೆ. ಬಿಗಿತದಾಚೆ ಇರುವ, ಬೇರೆ ವಿಧಾನದಲ್ಲಿ ತಲುಪಲಾಗದ ಕವಲುಗಳೂ ಇದರಲ್ಲಿ ಕಾಣುತ್ತವೆ. ಇದರ ದೌರ್ಬಲ್ಯ ಎಂದರೆ ಕಲ್ಲು, ಗಾಳಿ, ಗಡ್ಡೆ ಮೂರೂ ಬಿಳಿಯ ರಸದ ನಡುವೆ ಕಪ್ಪು ಕಲೆಯಾಗಿಯೇ ಮೂಡುತ್ತವೆ. ಹಾಗಾಗಿ ಅದರ ಜೊತೆ ಔಷಧಿ ಕೊಟ್ಟು ತೆಗೆದ ಎಂಆರ್‌ಐ ಚಿತ್ರ, ಅಣುಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರ ಎರಡನ್ನೂ ಸೇರಿಸಿ ಓದುತ್ತಾರೆ. ಪೆಟ್ ಸ್ಕ್ಯಾನಿನ ಮೇಲೆ ಜನಕ್ಕೆ ನಂಬಿಕೆ ಬಹಳ, ಬೆಲೆಯೂ ಬಹಳ. ಕ್ಯಾನ್ಸರ್ ಸಕ್ಕರೆಯನ್ನು ಹೆಚ್ಚು ಹೀರುತ್ತದೆ ಎಂಬ ತತ್ತ್ವದ ಮೇಲೆ ಅದು ನಡೆಯುತ್ತದೆ. ಆದರೆ ಕೀವು, ಉರಿಯೂತಗಳೂ ಸಕ್ಕರೆ ಹೀರುತ್ತವೆ. ಪದೇ ಪದೇ ಸೋಂಕಾಗುವ ಈ ರೋಗಿಗಳಲ್ಲಿ ಅದರ ಹೊಳಪನ್ನು ನಂಬುವುದು ಕಷ್ಟ. ಗೋಡೆಗುಂಟ ಹರಡುವ ಬಗೆಯ ಕ್ಯಾನ್ಸರ್ ಹೊಳೆಯದೇ ಉಳಿಯುವುದೂ ಉಂಟು. ದೂರದ ಅಂಗಗಳಿಗೆ ಹರಡಿದೆಯೇ ಎಂದು ನೋಡಲು ಅದು ಹೆಚ್ಚು ಉಪಯುಕ್ತ.

ನಾಳದೊಳಗೆ ಇಳಿಯುವ ಕಣ್ಣು

ಚಿತ್ರ ನೋಡಿ ಹುಟ್ಟಿದ ಅನುಮಾನ ತೀರಬೇಕಾದರೆ ಅಂಗಾಂಶದ ಚೂರು ಕೈಗೆ ಬರಬೇಕು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿಗೆ ತಲುಪುವ ಇಆರ್‌ಸಿಪಿಯಲ್ಲಿ ಒಂದು ಪುಟ್ಟ ಬ್ರಷ್ ತೂರಿಸಿ ಬಿಗಿತವನ್ನು ಉಜ್ಜಿ, ಅಂಟಿಬಂದ ಕೋಶಗಳನ್ನು ಗಾಜಿನ ಮೇಲೆ ಹರಡಿ ನೋಡುವ ಪದ್ಧತಿ ಹಳೆಯದು. ಅದರಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ ಸಂದೇಹ ಉಳಿಯದು. ಸಿಗದಿದ್ದರೆ ಏನನ್ನೂ ಹೇಳಿದಂತಾಗಲಿಲ್ಲ. ನಿಜವಾಗಿ ಕ್ಯಾನ್ಸರ್ ಇರುವವರಲ್ಲೂ ಸುಮಾರು ಅರ್ಧದಷ್ಟು ಸಲ ಬ್ರಷ್ ಬರಿಗೈಯಲ್ಲಿ ಬರುತ್ತದೆ. ಈ ಕ್ಯಾನ್ಸರಿನಲ್ಲಿ ನಾರು ಹೆಚ್ಚು, ಕೋಶ ಕಡಿಮೆ ಎಂಬುದೇ ಇದಕ್ಕೆ ಒಂದು ಕಾರಣ.

ಇದಕ್ಕಿಂತ ನೇರವಾದ ದಾರಿ ಕೊಲಾಂಜಿಯೊಸ್ಕೋಪಿ. ಮೂರು ಮಿಲಿಮೀಟರಿಗೆ ತುಸು ಹೆಚ್ಚು ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆಯನ್ನು ಎಂಡೋಸ್ಕೋಪಿನೊಳಗಿಂದಲೇ ಪಿತ್ತನಾಳಕ್ಕೆ ಏರಿಸಬಹುದು. ಬಿಗಿತ ಯಕೃತ್ತಿನ ಆಳದಲ್ಲಿದ್ದರೆ, ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯಿಂದ ಕರುಳಿನ ದಾರಿಯೇ ಬದಲಾಗಿದ್ದರೆ ಕೆಳಗಿಂದ ತಲುಪಲಾಗುವುದಿಲ್ಲ. ಆಗ ಪಕ್ಕೆಯ ಚರ್ಮದಿಂದಲೇ ಯಕೃತ್ತನ್ನು ಹಾಯ್ದು ಹಿಗ್ಗಿದ ನಾಳಕ್ಕೆ ಸೂಜಿ ಇಳಿಸಿ ಮೊದಲು ಸಣ್ಣ ಕೊಳವೆ ಬಿಡುತ್ತಾರೆ. ಕೆಲವು ವಾರಗಳ ಅವಧಿಯಲ್ಲಿ ಹಂತ ಹಂತವಾಗಿ ದಪ್ಪ ಕೊಳವೆ ಬದಲಿಸುತ್ತ ಆ ದಾರಿಯನ್ನು ಐದಾರು ಮಿಲಿಮೀಟರಿಗೆ ಅಗಲ ಮಾಡಿ, ದಾರಿ ಗಟ್ಟಿಯಾದ ಮೇಲೆ ನಳಿಕೆ ಇಳಿಸುತ್ತಾರೆ. ತೈವಾನ್, ಕೊರಿಯಾ, ಜಪಾನುಗಳ ವೈದ್ಯರು ಈ ಕೆಲಸದಲ್ಲಿ ಪಳಗಿದ್ದಾರೆ. ಕಲ್ಲು ಒಡೆಯುವುದಕ್ಕೂ ಇದೇ ದಾರಿ: ವಿದ್ಯುತ್ ಕಿಡಿಯಿಂದಲೋ ಲೇಸರಿನಿಂದಲೋ ಕಲ್ಲನ್ನು ಪುಡಿ ಮಾಡಿ, ಬುಟ್ಟಿಯಾಕಾರದ ತಂತಿಯಿಂದ ಎಳೆದು, ಉಪ್ಪುನೀರಿನಲ್ಲಿ ತೊಳೆಯುತ್ತಾರೆ.

ಕಲ್ಲು ತೊಳೆದುಹೋದ ಮೇಲೆ ಪರದೆಯ ಮೇಲೆ ನಾಳದ ಒಳಗೋಡೆ ತೆರೆದುಕೊಳ್ಳುತ್ತದೆ. ಆರೋಗ್ಯವಂತ ಗೋಡೆ ತಿಳಿ ಗುಲಾಬಿ, ನಯ. ಅದರ ಕೆಳಗೆ ಕೂದಲೆಳೆಯಂಥ ರಕ್ತನಾಳಗಳ ಸಣ್ಣ ಜಾಲ. ಸೋಂಕಿನಿಂದ ಕೆರಳಿದ ಗೋಡೆ ಕೆಂಪಗೆ ಊದಿ, ಅಲ್ಲಲ್ಲಿ ಬಿಳಿಯ ಕೀವಿನ ಪೊರೆ ಹೊದ್ದಿರುತ್ತದೆ. ಹಳೆಯ ಗಾಯದ ಬಿಗಿತ ಬಿಳಿಚಿಕೊಂಡು, ಸುತ್ತಲೂ ಒಂದೇ ಸಮನಾಗಿ ಬಿಗಿದಿರುತ್ತದೆ. ಕ್ಯಾನ್ಸರಿನ ಬಿಗಿತದಲ್ಲಿ ರಕ್ತನಾಳಗಳು ದಪ್ಪವಾಗಿ, ಅಡ್ಡಾದಿಡ್ಡಿ ತಿರುಚಿಕೊಂಡು ಥಟ್ಟನೆ ನಿಲ್ಲುತ್ತವೆ. ಮೇಲ್ಮೈ ಗಂಟುಗಂಟಾಗಿರುತ್ತದೆ ಅಥವಾ ಸಣ್ಣ ಎಳೆಗಳು ನೀರಿನಲ್ಲಿ ಓಲಾಡುತ್ತವೆ, ಮುಟ್ಟಿದರೆ ಸಾಕು ರಕ್ತ ಒಸರುತ್ತದೆ. ನಾಳದೊಳಗೆ ಅಂಟಂಟಾದ ಲೋಳೆ ತುಂಬಿಕೊಂಡಿದ್ದರೆ ಅದೂ ಒಂದು ಸುಳಿವು, ಎಳೆ ಎಳೆಯಾಗಿ ಬೆಳೆಯುವ ಬಗೆಯ ಗಡ್ಡೆ ಲೋಳೆ ಸುರಿಸುತ್ತದೆ. ಹೀಗೆ ಕಂಡ ಜಾಗದಿಂದ ಒಂದಲ್ಲ, ಹಲವು ಚೂರು ತೆಗೆಯಬೇಕು. ನೋಡಲು ನಿರುಪದ್ರವಿಯಂತೆ ಕಾಣುವ ಬಿಗಿತದಿಂದಲೂ ಚೂರು ತೆಗೆಯುವುದು ಒಳ್ಳೆಯದು. ಕಲ್ಲು ಒಡೆಯುವ ಹುಮ್ಮಸ್ಸಿನಲ್ಲಿ ಗೋಡೆ ನೋಡುವುದನ್ನು ಮರೆತರೆ ಮಾಡಿದ ಅಷ್ಟೂ ಕೆಲಸ ಅರ್ಧಕ್ಕೆ ನಿಂತಂತೆಯೇ.

ಶಸ್ತ್ರಕೋಣೆಯಲ್ಲಿ, ಅದರ ಆಚೆ

ಕಲ್ಲು ಒಂದೇ ಹಾಲೆಯಲ್ಲಿದ್ದು, ಆ ಹಾಲೆ ಸೊರಗಿ, ನಾಳ ಬಿಗಿದಿದ್ದರೆ ಆ ಭಾಗವನ್ನೇ ಕತ್ತರಿಸಿ ತೆಗೆಯುವುದು ಬಹುತೇಕ ಶಸ್ತ್ರವೈದ್ಯರ ಆಯ್ಕೆ. ಕಲ್ಲು, ಬಿಗಿತ, ಮುಂದೆ ಕ್ಯಾನ್ಸರ್ ಬರಬಹುದಾದ ನೆಲ, ಈಗಾಗಲೇ ಅಡಗಿರಬಹುದಾದ ಕ್ಯಾನ್ಸರ್ ನಾಲ್ಕೂ ಒಂದೇ ಸಲ ಹೋಗುತ್ತವೆ. ಪರೀಕ್ಷೆಗಳೆಲ್ಲ ಅರೆಬರೆ ಉತ್ತರ ಕೊಡುವಾಗ ಇದಕ್ಕೇ ಹೆಚ್ಚು ಒಲವು. ಹೊಟ್ಟೆ ತೆರೆದ ಮೇಲೂ ಹುಡುಕಾಟ ನಿಲ್ಲುವುದಿಲ್ಲ. ಸೊರಗಿದ ಹಾಲೆ ಹೇಗೂ ಗಟ್ಟಿಯಾಗಿರುವುದರಿಂದ ಕೈಗೆ ಸಿಗುವ ಗಟ್ಟಿಯೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕಲ್ಲು ತೆಗೆದ ಮೇಲೂ ಉಳಿದ ಗಂಟು, ಬಿಗಿತದ ಸುತ್ತಲಿನ ಗಡಸು, ಊದಿದ ದುಗ್ಧಗ್ರಂಥಿ ಕಂಡರೆ ಅಲ್ಲಿಂದ ಚೂರು ತೆಗೆದು ಕೂಡಲೇ ಪೆಥಾಲಜಿಗೆ ಕಳಿಸುತ್ತಾರೆ. ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್ ಪರೀಕ್ಷೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಉತ್ತರ ಕೊಡುತ್ತದೆ. ಕ್ಯಾನ್ಸರ್ ಎಂದರೆ ಶಸ್ತ್ರಚಿಕಿತ್ಸೆಯ ಸ್ವರೂಪವೇ ಬದಲಾಗುತ್ತದೆ: ಇನ್ನೂ ಅಗಲವಾಗಿ ಕತ್ತರಿಸಬೇಕು, ದುಗ್ಧಗ್ರಂಥಿಗಳನ್ನೂ ತೆಗೆಯಬೇಕು, ಕತ್ತರಿಸಿದ ನಾಳದ ಅಂಚಿನಲ್ಲಿ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ತೆಗೆದ ತುಂಡು ಪೆಥಾಲಜಿಸ್ಟರ ಮೇಜಿಗೆ ಬಂದಾಗ ನಾಳಗಳಗುಂಟ ಅದನ್ನು ತೆಳುವಾದ ಹೋಳುಗಳಾಗಿ ಕತ್ತರಿಸುತ್ತಾರೆ. ಹಿಗ್ಗಿದ ನಾಳದೊಳಗಿಂದ ಕಂದು ಕೆಸರು, ಕಲ್ಲಿನ ಪುಡಿ ಸುರಿಯುತ್ತವೆ. ಗೋಡೆ ಬಿಳಿಯ ನಾರಾಗಿ ದಪ್ಪಗಿರುತ್ತದೆ. ಆ ಬಿಳುಪಿನಲ್ಲಿ ಯಾವುದು ಗಾಯ ಮಾಯ್ದದ್ದು, ಯಾವುದು ಕ್ಯಾನ್ಸರ್ ಎಂಬುದು ಬರಿಗಣ್ಣಿಗೆ ಗೊತ್ತಾಗದು. ಆದ್ದರಿಂದ ಒಂದೆರಡು ಕಡೆ ಚೂರು ತೆಗೆದು ವರದಿ ಬರೆಯುವುದು ಸಾಲದು. ದಪ್ಪಗಿರುವ ಕಡೆಯಿಂದೆಲ್ಲ, ಅಂಚುಗಳಿಂದ ತಪ್ಪದೆ ಮಾದರಿ ತೆಗೆಯಬೇಕು. ಕಲ್ಲಿನ ಕಾಯಿಲೆಗೆಂದು ಕಳಿಸಿದ ತುಂಡು ಎಂಬ ಉದಾಸೀನ ಇಲ್ಲಿ ನುಸುಳಿದರೆ ಅಡಗಿದ್ದದ್ದು ಕೊನೆಯವರೆಗೂ ಅಡಗಿಯೇ ಉಳಿಯುತ್ತದೆ.

ತಡವಾಗಿ ಸಿಕ್ಕ ಕ್ಯಾನ್ಸರಿಗೆ ಮದ್ದು ಸೀಮಿತ. ಶಸ್ತ್ರಚಿಕಿತ್ಸೆಯ ಹಂತ ದಾಟಿದ ಪಿತ್ತನಾಳ ಕ್ಯಾನ್ಸರಿಗೆ ಜೆಮ್‌ಸಿಟಾಬಿನ್ ಜೊತೆ ಸಿಸ್‌ಪ್ಲಾಟಿನ್ ಕೊಡುವುದು ವಾಡಿಕೆಯಾದದ್ದು 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದ ನಂತರ. ಅದರಲ್ಲಿ 410 ರೋಗಿಗಳಿದ್ದರು. ಒಂದೇ ಔಷಧಿ ಪಡೆದವರ ಮಧ್ಯಾಂಕ ಬದುಕು 8.1 ತಿಂಗಳಿದ್ದರೆ ಎರಡೂ ಪಡೆದವರದು 11.7 ತಿಂಗಳು. 2022ರಿಂದ ಇದಕ್ಕೆ ಡರ್ವಾಲುಮಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನೂ ಸೇರಿಸುವುದು ಶುರುವಾಗಿದೆ. ಸುಧಾರಣೆ ನಿಜ, ಆದರೂ ಗಳಿಕೆಯನ್ನು ತಿಂಗಳುಗಳಲ್ಲೇ ಎಣಿಸಬೇಕಾಗಿದೆ. ಪೂರ್ತಿಯಾಗಿ ತೆಗೆಯಬಹುದಾದ ಹಂತದಲ್ಲಿ ಹಿಡಿಯುವುದಕ್ಕೆ ಇಷ್ಟೊಂದು ಒತ್ತು ಕೊಡುವುದು ಈ ಕಾರಣಕ್ಕೆ.

ಕಲ್ಲನ್ನೆಲ್ಲ ತೆಗೆದವರೂ ಪೂರ್ತಿ ಪಾರಾದಂತಲ್ಲ. ಉಳಿದ ನಾಳಗಳು ವರ್ಷಗಟ್ಟಲೆ ಉರಿಯೂತ ಉಂಡವೇ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳ ಮೇಲೆ ಬೇರೊಂದು ಕವಲಿನಲ್ಲಿ ಕ್ಯಾನ್ಸರ್ ಕಂಡ ವರದಿಗಳಿವೆ. ಕಲ್ಲು ಉಳಿದಿರುವವರಲ್ಲಿ, ಮತ್ತೆ ಬಿಗಿತ ಉಂಟಾದವರಲ್ಲಿ ಈ ಭಯ ಹೆಚ್ಚು. ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದಕ್ಕೆ ಜಗತ್ತೆಲ್ಲ ಒಪ್ಪಿದ ನಿಯಮ ಇಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅಲ್ಟ್ರಾಸೌಂಡ್, ಯಕೃತ್ತಿನ ರಕ್ತಪರೀಕ್ಷೆ, ಸಿಎ 19-9 ಮಾಡಿಸಿ, ಹಿಂದಿನದಕ್ಕಿಂತ ಬದಲಾವಣೆ ಕಂಡರೆ ಸಿಟಿ ಅಥವಾ ಎಂಆರ್‌ಸಿಪಿಗೆ ಹೋಗುವುದು ಸಾಮಾನ್ಯವಾಗಿ ನಡೆಯುವ ಕ್ರಮ. ಇಲ್ಲಿ ಹಳೆಯ ಸ್ಕ್ಯಾನಿನ ಸಿ.ಡಿ., ಫಿಲ್ಮು, ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳಿಗೆ ಹೊಸ ಪರೀಕ್ಷೆಯಷ್ಟೇ ಬೆಲೆ. ಎರಡು ವರ್ಷದ ಹಿಂದಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗಲೇ ಗೋಡೆ ಎರಡು ಮಿಲಿಮೀಟರ್ ದಪ್ಪಗಾದದ್ದು, ಒಂದು ಕವಲು ಕಾಣೆಯಾದದ್ದು ತಿಳಿಯುವುದು. ಪಿತ್ತರಸದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ಹೆಕ್ಕಿ ಕ್ಯಾನ್ಸರಿನ ಗುರುತು ಹಿಡಿಯುವ ಪರೀಕ್ಷೆಗಳು, ಕೊಲಾಂಜಿಯೊಸ್ಕೋಪಿನ ಚಿತ್ರಗಳನ್ನು ಕಂಪ್ಯೂಟರಿಗೆ ಕಲಿಸಿ ಅನುಮಾನದ ಬಿಗಿತವನ್ನು ಬೇರ್ಪಡಿಸುವ ಪ್ರಯತ್ನಗಳು ಸಂಶೋಧನೆಯ ಹಂತದಲ್ಲಿವೆ. ಕಲ್ಲು ತೆಗೆಯುವಾಗ ಹೇಗಿದ್ದರೂ ಹೊರಗೆ ಬರುವ ರಸವನ್ನು ಚೆಲ್ಲಿಬಿಡದೆ ಪರೀಕ್ಷೆಗೆ ಕಳಿಸಬಹುದೆಂಬುದು ಮೊದಲನೆಯದರ ಅನುಕೂಲ.